ಕಿರ್ದಿಯಲ್ಲಿ ಕಡಿಮೆ ಬಿದ್ದ 85 ದಿರ್ಹಮ್

ನವೆಂಬರ್ ತಿಂಗಳ ಕೊನೆಯ ವಾರ ನನ್ನಂಥ ಲೆಕ್ಕಿಗರಿಗೆ ಒಳ್ಳೆಯ ವಾರವಲ್ಲ. ಅಕ್ಟೋಬರ್‌ಗೆ ಮುಗಿಯುವ ತ್ರೈಮಾಸಿಕದ ವ್ಯಾಟ್ ವಿವರಗಳನ್ನು 28ನೇ ತಾರೀಖಿನೊಳಗೆ ಸಲ್ಲಿಸಬೇಕು. 2018ರ ಜನವರಿ ಒಂದರಂದು ಯುಎಇಯಲ್ಲಿ ಶೇಕಡಾ 5ರ ವ್ಯಾಟ್ ಬಂದಾಗಿನಿಂದ ನಮ್ಮ ಮನೆಯ ಪಂಚಾಂಗದಲ್ಲಿ ಹಬ್ಬಗಳ ಜೊತೆಗೆ ಈ 28ನೇ ತಾರೀಖುಗಳೂ ಸೇರಿಕೊಂಡಿವೆ. ಅಂಥ ಒಂದು ವಾರದ ಗುರುವಾರ ಮಧ್ಯಾಹ್ನ ಅಬುಧಾಬಿಯ ನನ್ನ ಆಫೀಸಿನಿಂದ ಬಾಸ್ ಕಣ್ಣು ತಪ್ಪಿಸಿ ಎನ್ನುವಂತೆ ಹೊರಬಿದ್ದು, ಮಗಳ ಶಾಲೆಯ ಸಭಾಂಗಣದ ಹಿಂದಿನ ಸಾಲಿನಲ್ಲಿ ಕುಳಿತೆ. ಅವತ್ತು ಅವರ ಶಾಲೆಯಲ್ಲಿ ‘ಇಂಟರ್‌ನ್ಯಾಷನಲ್ ಡೇ’.

ಮಗಳು ಓದುವುದು ಐಬಿ ಶಾಲೆಯಲ್ಲಿ, ಏಳನೇ ತರಗತಿ. 1968ರಲ್ಲಿ ಜಿನೀವಾದಲ್ಲಿ ಶುರುವಾದ ಈ ಐಬಿ ಪದ್ಧತಿಯಲ್ಲಿ ಪಾಠಕ್ಕೆಷ್ಟು ಜಾಗವೋ ಪಾಠದ ಹೊರಗಿನದಕ್ಕೂ ಹತ್ತಿರಹತ್ತಿರ ಅಷ್ಟೇ ಜಾಗ. ವರ್ಷವಿಡೀ ಒಂದಲ್ಲ ಒಂದು ಪ್ರದರ್ಶನ, ವಿದ್ಯಾರ್ಥಿ ಮಂಡಳಿಯ ಚುನಾವಣೆ, ಸಮಾಜಸೇವೆ, ಹೊರಸಂಚಾರ. ಪ್ರತಿಯೊಂದಕ್ಕೂ ಒಂದು ಒಪ್ಪಿಗೆ ಪತ್ರ, ಅದರ ಬೆನ್ನಿಗೇ ಒಂದು ಇನ್‌ವಾಯ್ಸ್. ಒಪ್ಪಿಗೆ ಪತ್ರವನ್ನು ನನ್ನ ಹೆಂಡತಿ ಓದುತ್ತಾಳೆ, ಇನ್‌ವಾಯ್ಸ್ ನಾನು ಓದುತ್ತೇನೆ. ಆದರೆ ಟ್ರಿಪ್ಪಿನ ದುಡ್ಡಿನ ವಿಷಯದಲ್ಲಿ ಮಾತ್ರ ನಾನು ಎರಡನೇ ಸಲ ಯೋಚಿಸುವುದಿಲ್ಲ. ಫೋನಿನಲ್ಲಿ ಸಂದೇಶ ಬಂದ ಹತ್ತು ನಿಮಿಷದಲ್ಲಿ ಕಟ್ಟಿಬಿಡುತ್ತೇನೆ. ‘ಎಲ್ಲಿಗೆ ಅಂತಾದ್ರೂ ನೋಡಿ ಮಾರಾಯ್ರೇ’ ಎಂದು ಹೆಂಡತಿ ನಗುತ್ತಾಳೆ. ಈ ಆತುರಕ್ಕೆ ಒಂದು ಕಾರಣವಿದೆ. ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ಕಾಲದ ಸಾಗರದ ಹೈಸ್ಕೂಲಿನಲ್ಲೂ ವಾರ್ಷಿಕೋತ್ಸವ ಇತ್ತು. ಬಾಡಿಗೆಗೆ ತಂದ ಜಮಖಾನೆ, ಕಿರುಗುಟ್ಟುವ ಮೈಕು, ಹಣೆಗೆ ಹಚ್ಚಿದ ಬಣ್ಣ ಮರುದಿನವೂ ಹೋಗದೆ ಕಿವಿಯ ಹಿಂದೆ ಉಳಿದುಕೊಂಡ ಹುಡುಗರು. ನಾಯಕತ್ವವೂ ಇತ್ತು. ಕ್ಲಾಸ್ ಲೀಡರ್ ಎಂದರೆ ಮೇಷ್ಟ್ರು ಇಲ್ಲದಾಗ ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವವನು. ಸ್ನೇಹಿತರ ಹೆಸರನ್ನು ಅಳಿಸುವ ಅಧಿಕಾರವೂ ಅವನಿಗೇ ಇತ್ತು.

ಸಭಾಂಗಣದಲ್ಲಿ ಒಂದೊಂದೇ ದೇಶ ವೇದಿಕೆಗೆ ಬಂತು. ಭಾರತದ ಮಕ್ಕಳು ಭಾಂಗ್ರಾ ಕುಣಿದರು. ಅವರಲ್ಲಿ ನನ್ನ ಮಗಳನ್ನು ಹುಡುಕಿದೆ, ಕಾಣಲಿಲ್ಲ. ಕೊನೆಯಲ್ಲಿ ಆತಿಥೇಯ ದೇಶದ ಸರದಿ. ಡೋಲಿನ ಸದ್ದಿಗೆ ಎರಡು ಸಾಲು ಮಕ್ಕಳು ಎದುರುಬದುರು ನಿಂತರು, ಎಲ್ಲರ ಕೈಯಲ್ಲೂ ತೆಳುವಾದ ಬಿದಿರಿನ ಕೋಲು. ಇದು ‘ಅಲ್ ಅಯ್ಯಾಲ’. ಯುಎಇ ಮತ್ತು ಒಮಾನ್ ದೇಶಗಳ ಮದುವೆಮನೆಗಳಲ್ಲೂ ರಾಷ್ಟ್ರೀಯ ಹಬ್ಬಗಳಲ್ಲೂ ನಡೆಯುವ ಕಲೆ. 2014ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ. ಸಾಲುಗಳು ಯುದ್ಧಕ್ಕೆ ನಿಂತಂತೆ ನಿಲ್ಲುತ್ತವೆ, ಕೋಲುಗಳು ಈಟಿ ಕತ್ತಿಗಳ ಸಂಕೇತ. ತಲೆಯೂ ಕೋಲೂ ತಾಳಕ್ಕೆ ಸರಿಯಾಗಿ ಒಟ್ಟಿಗೆ ತೂಗುತ್ತವೆ. ಆ ಎರಡನೇ ಸಾಲಿನಲ್ಲಿ, ಒಬ್ಬ ಕೊರಿಯಾದ ಹುಡುಗನಿಗೂ ಒಬ್ಬಳು ಈಜಿಪ್ಟಿನ ಹುಡುಗಿಗೂ ನಡುವೆ ನನ್ನ ಮಗಳು ಕೋಲು ಹಿಡಿದು ನಿಂತಿದ್ದಳು.

ನನಗೆ ಮೊದಲು ಸ್ವಲ್ಪ ಕಸಿವಿಸಿಯಾಯಿತು ಎಂದು ಒಪ್ಪಿಕೊಳ್ಳಬೇಕು. ಕನ್ನಡ ಸಂಘದ ಕಾರ್ಯಕ್ರಮಕ್ಕೆ ಕೋಲಾಟ ಕಲಿ ಎಂದರೆ ಹೋಂವರ್ಕ್ ಇದೆ ಎನ್ನುವವಳು ಇಲ್ಲಿ ಕೋಲು ಹಿಡಿದಿದ್ದಾಳಲ್ಲ! ಮನೆಗೆ ಬಂದಮೇಲೆ ಕೇಳಿಯೂ ಬಿಟ್ಟೆ. ‘ನಾನು ಹುಟ್ಟಿದ್ದು ಇಲ್ಲೇ ಅಲ್ವಾ ಅಪ್ಪಾ’ ಎಂದಳು. ವೀಸಾ ನವೀಕರಣದ ಫೈಲನ್ನು ಪ್ರತಿ ಎರಡು ವರ್ಷಕ್ಕೊಮ್ಮೆ ತೆರೆಯುವ ನನಗೆ ಆ ಮಾತಿಗೆ ಕೂಡಲೇ ಉತ್ತರ ಸಿಗಲಿಲ್ಲ.

ಆದರೆ ಅವತ್ತಿನ ನಿಜವಾದ ಕಥೆ ವೇದಿಕೆಯ ಮೇಲೆ ನಡೆಯಲಿಲ್ಲ. ನಮ್ಮ ಊಟದ ಮೇಜಿನ ಮೇಲೆ ನಡೆಯಿತು.

ಮಗಳು ವಿದ್ಯಾರ್ಥಿ ಮಂಡಳಿಯ ಖಜಾಂಚಿ. ಚುನಾವಣೆಗೆ ನಿಂತಾಗ ಅವಳ ಭಾಷಣದಲ್ಲಿದ್ದ ಅರ್ಹತೆ ಒಂದೇ: ನನ್ನ ಅಪ್ಪ ಚಾರ್ಟರ್ಡ್ ಅಕೌಂಟೆಂಟ್. ಗೆದ್ದಳು. ಈ ದೇಶದಲ್ಲಿ ಯಾರೆಂದರೆ ಅವರು ದೇಣಿಗೆ ಎತ್ತುವಂತಿಲ್ಲ, ಪರವಾನಗಿ ಇರುವ ಸಂಸ್ಥೆಗಳೇ ಎತ್ತಬೇಕು. ಆದ್ದರಿಂದ ಮಕ್ಕಳ ಮಂಡಳಿ ಮಾಡುವುದು ಸಣ್ಣ ವ್ಯಾಪಾರ. ಶಾಲೆಯ ಅನುಮತಿ ಪಡೆದು ತಿಂಡಿ, ಪಾನಕದ ಮಳಿಗೆ ಇಡುವುದು, ಬಂದ ದುಡ್ಡಿನಲ್ಲಿ ಕಾರ್ಯಕ್ರಮದ ವೇಷಭೂಷಣದ ಖರ್ಚು ಕಳೆಯುವುದು. ಕೂಪನ್ ಒಂದಕ್ಕೆ 5 ದಿರ್ಹಮ್. ಹರಿದ ಕೂಪನ್ನಿನ ಅರ್ಧ ಪುಸ್ತಕದಲ್ಲೇ ಉಳಿಯುತ್ತದೆ. ರಾತ್ರಿ ಅವಳು ಆ ಪುಸ್ತಕಗಳನ್ನೂ ಹಣದ ಡಬ್ಬಿಯ ಲೆಕ್ಕ ಬರೆದ ಹಾಳೆಯನ್ನೂ ಮೇಜಿನ ಮೇಲೆ ಹರಡಿ ಕುಳಿತಳು. ಡಬ್ಬಿಯನ್ನು ಟೀಚರ್ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು.

ಮಾರಾಟವಾದ ಕೂಪನ್ 412. ಬರಬೇಕಾದ ದುಡ್ಡು 2,060. ಡಬ್ಬಿಯಲ್ಲಿ ಇದ್ದದ್ದು 1,975. ಮೂರು ಸಲ ಎಣಿಸಿದಳು. ನಾನೂ ಒಂದು ಸಲ ಎಣಿಸಿದೆ. 85 ದಿರ್ಹಮ್ ಕಡಿಮೆ.

ಅವಳ ಮುಖ ನೋಡಲಾಗಲಿಲ್ಲ. ಡಬ್ಬಿಯ ಜವಾಬ್ದಾರಿ ಅವಳದೇ. ನಾನು ಎದ್ದುಹೋಗಿ ಪರ್ಸಿನಿಂದ 85 ದಿರ್ಹಮ್ ತೆಗೆದು ಅವಳ ಮುಂದಿಟ್ಟೆ. ‘ತಗೋ, ನಾಳೆ ಬೆಳಿಗ್ಗೆ ಡಬ್ಬಿಗೆ ಹಾಕಿಬಿಡು. ಮುಗೀತು. ಮಲಗು.’

ಅವಳು ದುಡ್ಡನ್ನು ಮುಟ್ಟಲಿಲ್ಲ. ‘ಆದ್ರೆ ಇದು ಕೂಪನ್ ದುಡ್ಡಲ್ವಲ್ಲ ಅಪ್ಪಾ.’

‘ಯಾರಿಗೆ ಗೊತ್ತಾಗತ್ತೆ? ನಷ್ಟ ಆಗಿದ್ದು ನಮಗೆ ತಾನೆ.’

‘ನಿನ್ನ ಆಫೀಸಲ್ಲಿ ಯಾರಾದ್ರೂ ಹೀಗೆ ಹಾಕಿದ್ರೆ ನೀನು ಏನು ಬರೀತೀಯ?’

ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಕ್ಯಾಷಿಯರ್ ಒಬ್ಬ ಕೊರತೆಯನ್ನು ತನ್ನ ಜೇಬಿನಿಂದ ತುಂಬಿಸಿದ್ದು ಕಂಡರೆ ನಾನು ಅದನ್ನು ಮೆಚ್ಚಿ ಬರೆಯುವುದಿಲ್ಲ. ವ್ಯವಸ್ಥೆಯಲ್ಲಿ ತೂತು ಇದೆ, ಅದನ್ನು ಮುಚ್ಚಿಡಲಾಗಿದೆ ಎಂದು ಬರೆಯುತ್ತೇನೆ. ಇವತ್ತು ಜೇಬಿನಿಂದ ಹಾಕಿದವನು ನಾಳೆ ಹೆಚ್ಚು ಬಂದರೆ ಜೇಬಿಗೆ ಹಾಕಿಕೊಳ್ಳುತ್ತಾನೆ ಎಂಬುದು ನಮ್ಮ ವೃತ್ತಿಯ ಹಳೆಯ ಅನುಭವ. ಇಷ್ಟೆಲ್ಲ ಗೊತ್ತಿದ್ದೂ ನನ್ನ ಕೈ ಯೋಚನೆಗಿಂತ ಮೊದಲು ಪರ್ಸಿಗೆ ಹೋಗಿತ್ತು. ಅದು ಎಲ್ಲಿಂದ ಕಲಿತ ಕೈ ಎಂಬುದು ನನಗೆ ಗೊತ್ತಿತ್ತು.

ನನ್ನ ಅಪ್ಪ ಸಾಗರದ ಅಡಿಕೆ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ದಿನದ ಕಿರ್ದಿ ಬರೆದು, ನಗದು ತಾಳೆ ಹಾಕಿ, ಸಾಹುಕಾರರಿಗೆ ಒಪ್ಪಿಸಿಯೇ ಮನೆಗೆ ಬರುತ್ತಿದ್ದರು. 1994ರಲ್ಲಿ ನಾನು ಒಂಬತ್ತನೇ ಕ್ಲಾಸು. ಶಾಲೆಯಿಂದ ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಮೈಸೂರು ಪ್ರವಾಸ. ತಲೆಗೆ 180 ರೂಪಾಯಿ. ಅಮ್ಮ ಅಕ್ಕಿ ಡಬ್ಬಿಯಲ್ಲಿ ಅಷ್ಟನ್ನೂ ಕೂಡಿಟ್ಟಿದ್ದಳು. ದುಡ್ಡು ಕಟ್ಟುವ ಹಿಂದಿನ ರಾತ್ರಿ ಅಪ್ಪ ತಡವಾಗಿ ಬಂದರು. ಒಳಗೆ ಅಮ್ಮನ ಜೊತೆ ಏನೋ ಪಿಸುಮಾತು. ಬೆಳಿಗ್ಗೆ ‘ಮುಂದಿನ ವರ್ಷ ಹೋಗು, ಈಗ ಬೇಡ’ ಎಂದಷ್ಟೇ ಹೇಳಿದರು. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಪ್ರವಾಸವಿಲ್ಲ. ಬಸ್ಸು ಹೊರಡುವ ಹೊತ್ತಿಗೆ ಶಾಲೆಯ ಕಡೆ ಹೋಗಬಾರದೆಂದು ನಾನು ಗಣಪತಿ ಕೆರೆಯ ದಂಡೆಯಲ್ಲಿ ಕುಳಿತಿದ್ದೆ. ಬೇಲೂರನ್ನು ನಾನು ಮೊದಲು ನೋಡಿದ್ದು ಆರ್ಟಿಕಲ್‌ಶಿಪ್ಪಿನಲ್ಲಿ, ಹಾಸನದ ಬ್ಯಾಂಕ್ ಶಾಖೆಯೊಂದರ ಆಡಿಟ್‌ಗೆ ಹೋದಾಗ, ಒಬ್ಬನೇ.

ಆ ರಾತ್ರಿಯ ವಿಷಯವನ್ನು ಅಮ್ಮ ಹೇಳಿದ್ದು ನಾನು ಸಿಎ ಪಾಸಾದ ಮೇಲೆ. ಅವತ್ತು ಕಿರ್ದಿಯಲ್ಲಿ 200 ರೂಪಾಯಿ ಕಡಿಮೆ ಬಿದ್ದಿತ್ತಂತೆ. ಯಾರಿಗೆ ಹೆಚ್ಚು ಕೊಟ್ಟರೋ, ಯಾರು ಎತ್ತಿದರೋ, ತಿಳಿಯಲಿಲ್ಲ. ಅಪ್ಪ ಮನೆಗೆ ಬಂದು, ಅಕ್ಕಿ ಡಬ್ಬಿಯ 180ಕ್ಕೆ ಇನ್ನೂ 20 ಸೇರಿಸಿ, ಮರುದಿನ ಸಾಹುಕಾರರು ಬರುವ ಮೊದಲೇ ಪೆಟ್ಟಿಗೆಗೆ ಹಾಕಿದರಂತೆ. ‘ಗುಮಾಸ್ತನ ಕೈ ಸರಿ ಇಲ್ಲ ಅಂತ ಪೇಟೇಲಿ ಒಂದು ಮಾತು ಬಂದ್ರೆ ಮತ್ತೆ ಯಾವ ಮಂಡಿಯವರು ಕರೀತಾರೆ?’ ಎಂದಳು ಅಮ್ಮ. ಅಪ್ಪ ನನ್ನೆದುರು ಇದನ್ನು ಒಮ್ಮೆಯೂ ಎತ್ತಿಲ್ಲ. ನಾನೂ ಕೇಳಿಲ್ಲ. ಮಗಳ ಟ್ರಿಪ್ಪಿನ ದುಡ್ಡನ್ನು ಹತ್ತು ನಿಮಿಷದಲ್ಲಿ ಕಟ್ಟುತ್ತೇನೆ, ಅಷ್ಟೇ.

ಮೇಜಿನ ಮೇಲಿದ್ದ 85 ದಿರ್ಹಮ್ಮನ್ನು ಮತ್ತೆ ಪರ್ಸಿಗೆ ಸೇರಿಸಿದೆ. ‘ಸರಿ, ಇದ್ದದ್ದನ್ನು ಇದ್ದ ಹಾಗೆ ಬರಿ’ ಎಂದೆ. ಅವಳು ಅರ್ಧ ಪುಟದ ವರದಿ ಬರೆದಳು. ಬರಬೇಕಾದದ್ದು ಇಷ್ಟು, ಇರುವುದು ಇಷ್ಟು, ಕೊರತೆ ಇಷ್ಟು, ಕಾರಣ ಇನ್ನೂ ಗೊತ್ತಿಲ್ಲ. ಅವತ್ತು ರಾತ್ರಿ ಅವಳು ನಿದ್ದೆ ಮಾಡಿದಳು. ನಾನು ಮಾಡಲಿಲ್ಲ. ಮಗುವಿನ ಮೇಲೆ ಯಾರಾದರೂ ಒಂದು ಮಾತು ಆಡಿದರೆ? ಅವಳನ್ನು ಖಜಾಂಚಿ ಸ್ಥಾನದಿಂದ ತೆಗೆದರೆ? ಮೂವತ್ತು ವರ್ಷದ ಹಿಂದೆ ಅಪ್ಪ ಎಷ್ಟು ಹೊತ್ತು ಎಚ್ಚರವಿದ್ದರೋ ಎಂದುಕೊಂಡೆ.

ಮರುದಿನ ಮಂಡಳಿಯ ಸಭೆಯಲ್ಲಿ ಅವಳೇ ನಿಂತು ಓದಿದಳಂತೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲವಂತೆ. ಆಮೇಲೆ ಮಳಿಗೆಯಲ್ಲಿ ನಿಂತಿದ್ದ ಹುಡುಗನೊಬ್ಬ ಕೈಯೆತ್ತಿ, ನೃತ್ಯ ಮುಗಿಸಿ ಬಾಯಾರಿ ಬಂದವರಿಗೆ ದುಡ್ಡು ತೆಗೆದುಕೊಳ್ಳದೆ 11 ಕೂಪನ್ ಹರಿದುಕೊಟ್ಟೆ ಎಂದನಂತೆ. ಅಲ್ಲಿಗೆ 55 ದಿರ್ಹಮ್ ಸಿಕ್ಕಿತು. ಉಳಿದ 30 ಏನಾಯಿತೋ ಇವತ್ತಿಗೂ ಗೊತ್ತಿಲ್ಲ. ಪುಸ್ತಕದಲ್ಲಿ ಹಾಗೆಯೇ ಬರೆದಿದ್ದಾರೆ: 30 ದಿರ್ಹಮ್, ಕಾರಣ ತಿಳಿದಿಲ್ಲ. ಕೆಳಗೆ ಟೀಚರ್ ಸಹಿ. ಮುಂದಿನ ಸಲ ಡಬ್ಬಿಯ ಹತ್ತಿರ ಇಬ್ಬರು ಇರಬೇಕು, ಪುಕ್ಕಟೆ ಕೂಪನ್ನಿಗೆ ಬೇರೆ ಬಣ್ಣ ಎಂದು ಮಕ್ಕಳೇ ತೀರ್ಮಾನಿಸಿದರು. ನಾವು ಇದನ್ನೇ ‘ಇಂಟರ್ನಲ್ ಕಂಟ್ರೋಲ್’ ಎಂದು ಕರೆದು ಗಂಟೆಯ ಲೆಕ್ಕದಲ್ಲಿ ಬಿಲ್ ಹಾಕುತ್ತೇವೆ.

ವಾರದ ಕೊನೆಗೆ ಊರಿಗೆ ಫೋನ್ ಮಾಡಿದಾಗ ಮಗಳು ಅಜ್ಜನಿಗೆ ಇಡೀ ಕಥೆ ಹೇಳಿದಳು. ನಾನು ಅಡುಗೆಮನೆಯಲ್ಲಿ ಕೇಳಿಸಿಕೊಳ್ಳುತ್ತ ನಿಂತಿದ್ದೆ. ಸ್ಪೀಕರಿನಲ್ಲಿ ಅಪ್ಪನ ದನಿ ಬಂತು. ‘ಕಡಿಮೆ ಅಂತ ಬರೆದೇಬಿಟ್ಯಾ? ಟೀಚರ್ ಬೈಲಿಲ್ವಾ?’

‘ಯಾಕೆ ಬೈತಾರೆ ಅಜ್ಜಾ? ಲೆಕ್ಕ ಹೇಳಿದ್ದಕ್ಕಾ?’

ಆ ಕಡೆ ತುಸು ಹೊತ್ತು ಸದ್ದಿಲ್ಲ. ಲೈನ್ ಕಟ್ಟಾಯಿತೇನೋ ಎಂದು ಮಗಳು ಎರಡು ಸಲ ‘ಹಲೋ’ ಎಂದಳು. ‘ಇದ್ದೀನಿ ಕೂಸೇ’ ಎಂದರು ಅಪ್ಪ. ‘ಒಳ್ಳೇದು ಮಾಡ್ದೆ. ನಿಮ್ಮ ಶಾಲೆ ಚೆನ್ನಾಗಿದೆ.’

ಅಪ್ಪ ಅಂಜುಬುರುಕರಲ್ಲ. ಅವರಿಗೆ ಕೊರತೆಯನ್ನು ಹೇಳಿಕೊಳ್ಳಲು ಜಾಗವಿರಲಿಲ್ಲ. ಮಗಳು ಅವರಿಗಿಂತ ಧೈರ್ಯವಂತೆಯೂ ಅಲ್ಲ. ಹೇಳಿದರೆ ಏನೂ ಆಗುವುದಿಲ್ಲ ಎಂಬ ನೆಲದ ಮೇಲೆ ಅವಳು ನಿಂತಿದ್ದಾಳೆ. ಆ ನೆಲಕ್ಕೆ ವರ್ಷಕ್ಕೆ ಎಷ್ಟು ಫೀಸು ಎಂಬುದು ನನಗೆ ಫಿಲ್ಸ್ ಸಹಿತ ಗೊತ್ತು. ನನ್ನ ಕೆಲಸ ಹೋದರೆ ಅದು ಅವಳ ಕಾಲಡಿಯಿಂದ ಸರಿಯುತ್ತದೆ ಎಂಬುದೂ ಗೊತ್ತು. ಆದರೂ ಒಮ್ಮೆ ಅಭ್ಯಾಸವಾದ ಕೈ, ಫೀಸು ನಿಂತಮೇಲೂ ಹಾಗೆಯೇ ಬರೆಯುತ್ತದೆ ಎಂದು ನಂಬಿದ್ದೇನೆ. ಪರ್ಸಿಗೆ ಹೋದ ನನ್ನ ಕೈಯನ್ನು ನೋಡಿದ ಮೇಲೆ ಈ ನಂಬಿಕೆ ಇನ್ನೂ ಗಟ್ಟಿಯಾಗಿದೆ.

ಜನವರಿಯಲ್ಲಿ ಅವರ ತರಗತಿಯ ಹೊರಸಂಚಾರ, ಜುಬೈಲ್ ಮ್ಯಾಂಗ್ರೋವ್ ಪಾರ್ಕಿಗೆ. ಪೋಷಕ ಸ್ವಯಂಸೇವಕರು ಬೇಕು ಎಂದಿದ್ದರು. ಈ ಸಲ ದುಡ್ಡು ಕಟ್ಟಿ ಸುಮ್ಮನಾಗಲಿಲ್ಲ, ರಜೆ ಹಾಕಿ ನಾನೇ ಹೊರಟೆ. ಡಬ್ಬಿಯಲ್ಲಿ ಚಿತ್ರಾನ್ನ, ಹಳದಿ ಬಸ್ಸು, ಕಿಟಕಿ ಪಕ್ಕದ ಸೀಟು. ನಲವತ್ತೈದನೇ ವಯಸ್ಸಿನಲ್ಲಿ ನನ್ನ ಮೊದಲ ಶಾಲಾ ಪ್ರವಾಸ.

ನೀರಿನ ಮೇಲೆ ಹಲಗೆ ಹಾಸಿದ ದಾರಿಯಲ್ಲಿ ನಡೆಯುತ್ತ ಮಾರ್ಗದರ್ಶಿ ತೋರಿಸಿದರು. ಕೆಸರಿನಿಂದ ಪೆನ್ಸಿಲಿನಂತೆ ಮೇಲೆದ್ದ ಉಸಿರಾಟದ ಬೇರುಗಳು, ಉಪ್ಪುನೀರು ಕುಡಿದು ಉಪ್ಪನ್ನು ಎಲೆಯಿಂದ ಹೊರಹಾಕುವ ಗಿಡ. 2030ರೊಳಗೆ ಇಂಥ 10 ಕೋಟಿ ಸಸಿ ನೆಡುವುದು ಈ ದೇಶದ ಗುರಿಯಂತೆ. ಅರಬ್ಬಿಯಲ್ಲಿ ಇದು ‘ಕುರ್ಮ್’. ‘ನಮ್ಮಲ್ಲಿ ಇದಕ್ಕೆ ಕಾಂಡ್ಲ ಅಂತಾರೆ. ನಮ್ಮ ಶರಾವತಿ ಹೊನ್ನಾವರದಲ್ಲಿ ಸಮುದ್ರ ಸೇರೋ ಕಡೆ ಇಂಥದೇ ಕಾಡಿದೆ’ ಎಂದೆ. ಮಗಳು ಒಂದು ಎಲೆಯ ಮೇಲೆ ಬೆರಳಾಡಿಸಿ ನಾಲಿಗೆಗೆ ಮುಟ್ಟಿಸಿಕೊಂಡಳು. ‘ಉಪ್ಪು! ಅಜ್ಜನಿಗೂ ಇದು ಗೊತ್ತಾ?’

‘ಗೊತ್ತಿರತ್ತೆ. ಬೇಸಿಗೆ ರಜೆಗೆ ಹೋದಾಗ ಕರ್ಕೊಂಡು ಹೋಗೋಣ’ ಎಂದೆ. ‘ಅಜ್ಜನನ್ನೂ.’

ನನಗೆ ಒಪ್ಪಿಸಿದ್ದು ಆರು ಮಕ್ಕಳನ್ನು. ಬಸ್ಸು ಹತ್ತುವ ಮೊದಲು ಟೀಚರ್ ಎಣಿಸಿ ಹೇಳಿ ಎಂದರು. ಎಣಿಸಿದೆ, ಐದೇ ಇದ್ದರು. ಒಂದು ಕ್ಷಣ ಎದೆ ಧಸಕ್ಕೆಂದಿತು. ಮೊದಲಾಗಿದ್ದರೆ ಯಾರಿಗೂ ಹೇಳದೆ ಹುಡುಕಲು ಓಡುತ್ತಿದ್ದೆನೋ ಏನೋ. ‘ಒಬ್ಬರು ಕಡಿಮೆ ಇದ್ದಾರೆ’ ಎಂದು ಜೋರಾಗಿ ಹೇಳಿದೆ. ನನ್ನ ಬೆನ್ನ ಹಿಂದಿನಿಂದ ಕೊರಿಯಾದ ಹುಡುಗ, ನೀರಿನ ಬಾಟಲಿ ಹಿಡಿದುಕೊಂಡು, ‘ನಾನು ಇಲ್ಲೇ ಇದ್ದೇನೆ ಅಂಕಲ್’ ಎಂದ.

ಆರು. ತಾಳೆಯಾಯಿತು. ಬಸ್ಸು ಹೊರಟಿತು.