ಸ್ವರಭಾರ ವಿಚಾರ

ಕನ್ನಡವನ್ನು ತಾಯ್ನುಡಿಯಾಗಿ ಉಳ್ಳವರಿಗೆ ಪದವೊಂದರ ಯಾವ ಅಕ್ಷರದ ಮೇಲೆ ಬಲವು ಬೀಳುತ್ತದೆಂಬ ಚಿಂತೆಯು ಹುಟ್ಟುವುದೇ ಇಲ್ಲ. ಅವರ ಕಿವಿಯು ಹ್ರಸ್ವದೀರ್ಘಗಳಿಗೆ ಪಳಗಿದುದು. ಬಲೆಯೆಂದರೆ ಒಂದು, ಬಾಲೆಯೆಂದರೆ ಮತ್ತೊಂದು. ಕಡು ಬೇರೆ, ಕಾಡು ಬೇರೆ. ಆದರೆ ಬಲೆಯೆಂಬಲ್ಲಿ ಬಕಾರವನ್ನು ಒತ್ತಿ ನುಡಿದರೂ ಲೆಕಾರವನ್ನು ಒತ್ತಿ ನುಡಿದರೂ ಅದು ಮೀನು ಹಿಡಿಯುವ ಬಲೆಯೇ ಹೊರತು ಬೇರೊಂದಾಗದು. ಇಂತಹ ಕಿವಿಯನ್ನು ಹೊತ್ತು ಸ್ಪಾನಿಷ್ ಭಾಷೆಯ ಬಾಗಿಲಿಗೆ ಹೋದವರಿಗೆ ಆಗುವ ತೊಡಕು ಸಣ್ಣದಲ್ಲ.

ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಯು ವೈಟ್‌ಫೀಲ್ಡಿಗೆ ದೂರವಲ್ಲ. ಹಿಂದೆ ರಾಗಿಯ ಹೊಲವನ್ನೇ ನಂಬಿದ್ದ ಮನೆಗಳ ಮಕ್ಕಳು ಈಗ ಬೆಳಗಾದರೆ, ಕೆಲವರು ಸಂಜೆಯಾದರೆ, ಅಲ್ಲಿನ ಕಂಪನಿಗಳಿಗೆ ಹೊರಡುತ್ತಾರೆ. ಹಾಗೆ ಹೋಗುವವರಲ್ಲಿ ಒಬ್ಬ ತರುಣಿಯು ಮೆಕ್ಸಿಕೋ ದೇಶದ ಗಿರಾಕಿಗಳೊಡನೆ ಫೋನಿನಲ್ಲಿ ಮಾತನಾಡುವ ಕೆಲಸಕ್ಕೆ ಸೇರಿದಳು. ಬೆಂಗಳೂರಿನಲ್ಲಿ ಸ್ಪಾನಿಷ್ ತರಗತಿಗೆ ಹೋಗಿ ಪದಗಳನ್ನೂ ಕ್ರಿಯಾಪದದ ರೂಪಗಳನ್ನೂ ಚೆನ್ನಾಗಿ ಬಾಯಿಪಾಠ ಮಾಡಿದ್ದಳು. ಆದರೆ ಒಂದು ದಿನ ಗಿರಾಕಿಯೊಬ್ಬನು ತನ್ನ ತಮ್ಮನ ವಿಷಯವಾಗಿ ಮಾತನಾಡುತ್ತ, ಅವನು ಹಣವನ್ನು ಆಗಲೇ ಕೊಟ್ಟಿದ್ದಾನೆಂದು ಹೇಳಿದನು. ಈಕೆಯ ಕಿವಿಗೆ ಅದು 'ಈಗ ಕೊಡುತ್ತೇನೆ' ಎಂದು ಕೇಳಿಸಿತು. ಹಣ ಸಂದವನ ಮನೆಗೆ ಬಾಕಿಯ ಪತ್ರವು ಹೋಯಿತು, ಅವನು ಕೆರಳಿದನು. ಮೂರು ತಿಂಗಳ ನಂತರ ಮರಳಿ ಪರೀಕ್ಷಿಸಿ ಆಮೇಲೆ ಕೆಲಸ ಕಾಯಂ ಮಾಡುವುದನ್ನು ಯೋಚಿಸುತ್ತೇವೆಂದು ಮೇಲಿನವರು ತಿಳಿಸಿದರು. ಮನೆಯಲ್ಲಿ ತಮ್ಮನ ಓದಿನ ಖರ್ಚು ಅವಳ ಸಂಬಳದ ಮೇಲೆಯೇ ನಿಂತಿತ್ತು.

ಎಡವಿದುದು ಎಲ್ಲಿ? 'ಪಗೊ' ಎಂಬ ಎರಡಕ್ಷರದ ಪದದಲ್ಲಿ. ಮೊದಲನೆಯ ಅಕ್ಷರವನ್ನು ಒತ್ತಿದರೆ 'ಕೊಡುತ್ತೇನೆ'; ಎರಡನೆಯದನ್ನು ಒತ್ತಿದರೆ 'ಕೊಟ್ಟನು'. ಬರವಣಿಗೆಯಲ್ಲಿ ಎರಡನೆಯದಕ್ಕೆ ಕೊನೆಯ ಸ್ವರದ ತಲೆಯ ಮೇಲೆ ಒಂದು ಓರೆಗೀಟು ಇರುತ್ತದೆ. ಆ ಭಾಷೆಯವರು ಅದನ್ನು ತಿಲ್ದೆ ಎನ್ನುತ್ತಾರೆ. 'ತೆರ್ಮಿನೊ' ಎಂಬಲ್ಲಿ ಇದು ಇನ್ನೂ ಸ್ಪಷ್ಟವಾಗುತ್ತದೆ. ತೆರ್ ಎಂಬುದರ ಮೇಲೆ ಬಲವಿಟ್ಟರೆ 'ಕೊನೆ', ಮಿ ಎಂಬುದರ ಮೇಲಿಟ್ಟರೆ 'ಮುಗಿಸುತ್ತೇನೆ', ನೊ ಎಂಬುದರ ಮೇಲಿಟ್ಟರೆ 'ಮುಗಿಸಿದನು'. ಮೂರೇ ಅಕ್ಷರ, ಬಲದ ಸ್ಥಾನ ಬದಲಾದಂತೆ ಮೂರು ಅರ್ಥ.

ಈ ಗೀಟನ್ನು ಇಡುವ ನಿಯಮವು ಕಠಿನವೇನೂ ಅಲ್ಲ. ಸ್ವರದಲ್ಲಿಯಾಗಲಿ ನಕಾರ ಸಕಾರಗಳಲ್ಲಿಯಾಗಲಿ ಮುಗಿಯುವ ಪದಗಳಿಗೆ ಬಲವು ಉಪಾಂತ್ಯದಲ್ಲಿ, ಎಂದರೆ ಕೊನೆಯದಕ್ಕೆ ಹಿಂದಿನ ಅಕ್ಷರದಲ್ಲಿ, ಬೀಳುತ್ತದೆ. ಬಾರ್ಸೆಲೋನ, ಕರಾಕಸ್, ಕಾರ್ಮೆನ್ ಎಂಬ ಹೆಸರುಗಳು ಇದಕ್ಕೆ ಉದಾಹರಣೆ. ಉಳಿದ ವ್ಯಂಜನಗಳಲ್ಲಿ ಮುಗಿಯುವವುಗಳಿಗೆ ಬಲವು ಕೊನೆಯ ಅಕ್ಷರದಲ್ಲಿಯೇ. ಮಾಡ್ರಿಡ್, ಎಕ್ವಡೋರ್ ಎಂಬವು ಹೀಗೆ. ಈ ಎರಡು ವಿಧಿಗಳಿಗೆ ಒಳಪಟ್ಟ ಪದಗಳಿಗೆ ಗೀಟು ಬೇಡ. ವಿಧಿಯನ್ನು ಮೀರಿದವುಗಳಿಗೆ ಮಾತ್ರ ಬೇಕು. ಬೊಗೊಟಾ, ಪನಮಾ ಎಂಬವು ಸ್ವರಾಂತವಾಗಿದ್ದರೂ ಬಲವು ಕೊನೆಯಲ್ಲಿರುವುದರಿಂದ ಅವಕ್ಕೆ ಗೀಟು ಉಂಟು. ಬಲವು ಕೊನೆಯಿಂದ ಮೂರನೆಯ ಅಕ್ಷರದಲ್ಲಿದ್ದರೆ ಗೀಟು ತಪ್ಪುವುದೇ ಇಲ್ಲ. ಮೆಕ್ಸಿಕೋ, ಮಾಲಗ, ಕಾರ್ಡೋಬ ಎಂಬ ಹೆಸರುಗಳನ್ನು ಆ ದೇಶದವರು ಮೊದಲಕ್ಷರವನ್ನು ಒತ್ತಿಯೇ ನುಡಿಯುತ್ತಾರೆ. 1982ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಗಾರ್ಸಿಯಾ ಮಾರ್ಕೆಸ್ ಅವರ ಹೆಸರಿನಲ್ಲಿ ಎರಡು ಗೀಟುಗಳಿವೆ. ಇ-ಆ ಎಂಬ ಸ್ವರಗಳು ಕೂಡಿ ಒಂದೇ ಅಕ್ಷರವಾಗದೆ ಇಕಾರವು ಬಲವನ್ನು ಹೊತ್ತು ಬೇರೆಯಾಗಿ ನಿಲ್ಲುತ್ತದೆಂದು ಮೊದಲನೆಯ ಗೀಟು ತಿಳಿಸುತ್ತದೆ. ವ್ಯಂಜನಾಂತವಾದರೂ ಬಲವು ಕೊನೆಗೆ ಹೋಗದೆಂದು ಎರಡನೆಯದು ತಿಳಿಸುತ್ತದೆ.

ನಕಾರ ಸಕಾರಗಳನ್ನು ಸ್ವರಗಳ ಪಂಕ್ತಿಯಲ್ಲಿ ಕೂರಿಸಿದುದೇಕೆಂದು ಕಲಿಯುವವರು ಬೆರಗಾಗುವುದುಂಟು. ಆ ಭಾಷೆಯಲ್ಲಿ ನಾಮಪದಕ್ಕೆ ಸಕಾರ ಸೇರಿದರೆ ಬಹುವಚನ. ಕ್ರಿಯಾಪದಕ್ಕೆ ನಕಾರ ಸೇರಿದರೆ 'ಅವರು' ಎಂಬ ಬಹುವಚನ. ಮನೆಯೆಂಬ ಅರ್ಥದ 'ಕಾಸ' ಎಂಬುದು 'ಕಾಸಸ್' ಆದಾಗ ಬಲವು ಇದ್ದಲ್ಲಿಯೇ ಇರುತ್ತದೆ. ಆದ್ದರಿಂದ ನಿಯಮವನ್ನೂ ಹಾಗೆಯೇ ಕಟ್ಟಿದರು. ತರುಣನೆಂಬ ಅರ್ಥದ 'ಹೋವೆನ್' ಪದಕ್ಕೆ ಗೀಟಿಲ್ಲ. ಬಹುವಚನದಲ್ಲಿ ಒಂದಕ್ಷರ ಹೆಚ್ಚಿ 'ಹೋವೆನೆಸ್' ಆದಾಗ ಬಲವು ಕೊನೆಯಿಂದ ಮೂರನೆಯದಾಗಿ ಗೀಟು ಬರುತ್ತದೆ. ಹಾಡೆಂಬ ಅರ್ಥದ 'ಕನ್ಸಿಯೋನ್' ಪದಕ್ಕೆ ಗೀಟಿದೆ. 'ಕನ್ಸಿಯೋನೆಸ್' ಆದಾಗ ಅದು ಬಿದ್ದುಹೋಗುತ್ತದೆ. ಗೀಟು ಬರುವುದೂ ಹೋಗುವುದೂ ಬರವಣಿಗೆಯಲ್ಲಿ. ಬಾಯಿಯಲ್ಲಿ ಬಲವು ಕದಲುವುದಿಲ್ಲ. 1713ರಲ್ಲಿ ಸ್ಥಾಪಿತವಾದ ಸ್ಪಾನಿಷ್ ರಾಜ ಅಕಾಡೆಮಿಯು ಕಾಲಕಾಲಕ್ಕೆ ಇಂತಹ ನಿಯಮಗಳನ್ನು ತಿದ್ದುತ್ತ ಬಂದಿದೆ. 2010ರಲ್ಲಿಯೂ ಕೆಲವು ಪದಗಳ ಗೀಟನ್ನು ತೆಗೆಯಿಸಿತು.

ತರುಣಿಗೆ ಇದೆಲ್ಲವೂ ಪುಸ್ತಕದಿಂದ ತಿಳಿದಿತ್ತು. ಬರೆದುದನ್ನು ಕಂಡರೆ ಬಲದ ಸ್ಥಾನವನ್ನು ಹೇಳಬಲ್ಲಳು, ಕೇಳಿದರೆ ಹೇಳಲಾರಳು. ನೆನಪಿಗೆಂದು ಬಲವಿರುವ ಕಡೆಯಲ್ಲೆಲ್ಲ ಕನ್ನಡದ ದೀರ್ಘವನ್ನು ಹಾಕಿಕೊಂಡು 'ಪಾಗೊ', 'ಪಗೋ' ಎಂದು ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದಳು. ಅವಳ ತಾತನವರು ಬಾಲ್ಯದಲ್ಲಿ ಪಾಠಶಾಲೆಯಲ್ಲಿ ತೈತ್ತಿರೀಯ ಶಾಖೆಯನ್ನು ಅಧ್ಯಯನ ಮಾಡಿದವರು. ಸ್ಪಾನಿಷಿನ ಒಂದು ಪದವನ್ನೂ ಅರಿಯರು. ನೋಟುಬುಕ್ಕನ್ನು ಓದಿಸಿ ಕೇಳಿ ಅವರು ಹೇಳಿದರು:

"ಇದು ಸರಿಬರದಮ್ಮ. ದೀರ್ಘ ಎನ್ನುವುದು ಕಾಲದ ಮಾತು. ನೀನು ಹೇಳುವುದು ಬಲದ ಮಾತು."

"ಎರಡೂ ಒಂದೇ ಥರ ಕೇಳಿಸುತ್ತೆ, ತಾತ."

"ಅದಕ್ಕೇ ತೊಂದರೆ. 'ತೆರ್' ಅನ್ನುವಲ್ಲಿ ನಿನ್ನ ದೀರ್ಘವನ್ನು ಎಲ್ಲಿ ಹಾಕುತ್ತೀಯೆ?"

ಈ ಪ್ರಶ್ನೆಯ ಹಿಂದೆ ಹಳೆಯ ಶಾಸ್ತ್ರವಿದೆ. ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯು ಉಚ್ಚಾರಣೆಯ ಅಂಗಗಳನ್ನು ಎಣಿಸುವಾಗ ಸ್ವರ, ಮಾತ್ರೆ, ಬಲ ಎಂಬವನ್ನು ಬೇರೆ ಬೇರೆಯಾಗಿಯೇ ಇಟ್ಟಿದೆ. ಪದವೊಂದರಲ್ಲಿ ಸಾಮಾನ್ಯವಾಗಿ ಒಂದೇ ಉದಾತ್ತವಿದ್ದು ಉಳಿದುವು ತಗ್ಗುತ್ತವೆಂಬುದನ್ನು ಪಾಣಿನಿಯು ವಿಧಿಸಿದ್ದಾನೆ. ತ್ವಷ್ಟೃವು ಇಂದ್ರನನ್ನು ಕೊಲ್ಲುವ ಮಗನನ್ನು ಬಯಸಿ 'ಇಂದ್ರಶತ್ರು' ಎಂಬ ಪದವನ್ನು ನುಡಿಯುವಾಗ ಉದಾತ್ತವು ಕೊನೆಯಲ್ಲಿರದೆ ಮೊದಲಿಗೆ ಬಿದ್ದು, ಇಂದ್ರನಿಂದಲೇ ಸಾಯುವವನು ಹುಟ್ಟಿದನೆಂಬ ಕಥೆಯನ್ನು ಪಾಠಶಾಲೆಯಲ್ಲಿ ಓದಿದವರೆಲ್ಲರೂ ಬಲ್ಲರು. ವೇದದ ಉದಾತ್ತವು ದನಿಯ ಏರಿಳಿತಕ್ಕೆ ಸೇರಿದುದು. ಸ್ಪಾನಿಷಿನದು ಮುಖ್ಯವಾಗಿ ಒತ್ತಿಗೆ ಸೇರಿದುದು. ಎರಡೂ ಒಂದೇ ಎನ್ನುವುದು ತಪ್ಪು. ಆದರೂ ಗುರುತು ಹಾಕುವ ಬಗೆಯಲ್ಲಿ ಒಂದು ಹೋಲಿಕೆಯಿದೆ. ಋಗ್ವೇದದ ಪುಸ್ತಕಗಳಲ್ಲಿ ಅನುದಾತ್ತಕ್ಕೆ ಕೆಳಗೆ ಅಡ್ಡಗೆರೆ, ಸ್ವರಿತಕ್ಕೆ ಮೇಲೆ ನೆಟ್ಟಗೆರೆ. ಉದಾತ್ತಕ್ಕೆ ಗುರುತೇ ಇಲ್ಲ. ಎರಡು ಕಡೆಯಲ್ಲಿಯೂ ಗುರುತಿಲ್ಲದ ಅಕ್ಷರವನ್ನೂ ಅರಿತು ನುಡಿಯಬೇಕು.

ತಾತನವರು ಮಾಡಿಸಿದ ಅಭ್ಯಾಸವು ಸರಳವಾದುದು. ಪಾಠಶಾಲೆಯಲ್ಲಿ ಗುರುಗಳು ಶಿಷ್ಯನ ತಲೆಯನ್ನು ಹಿಡಿದು ಸ್ವರಕ್ಕೆ ತಕ್ಕಂತೆ ಬಾಗಿಸಿ ಎತ್ತಿ ಕಲಿಸುತ್ತಿದ್ದರು. ಅದರಂತೆಯೇ ಮೊಮ್ಮಗಳು ಮೊಬೈಲಿನಲ್ಲಿ ಸ್ಪಾನಿಷ್ ಮಾತನ್ನು ಹಾಕುವಳು. ಅರ್ಥವರಿಯದ ತಾತನವರು ಬಲ ಬಿದ್ದ ಅಕ್ಷರಕ್ಕೆ ಬೆರಳನ್ನು ಎತ್ತುವರು. ಅವಳು ಪುಸ್ತಕದಲ್ಲಿನ ಗೀಟನ್ನೂ ನಿಯಮವನ್ನೂ ನೋಡಿ ತಾಳೆಹಾಕುವಳು. ಕೆಲವು ವಾರಗಳಾದ ಮೇಲೆ ಬೆರಳನ್ನು ಎತ್ತುವವಳು ಅವಳಾದಳು. ತಾಳೆ ನೋಡುವವರು ತಾತನವರಾದರು. ನೋಟುಬುಕ್ಕಿನ ದೀರ್ಘಗಳನ್ನೆಲ್ಲ ಅಳಿಸಿದಳು. ಮೂರು ತಿಂಗಳ ಕೊನೆಯಲ್ಲಿ ನಡೆದ ಪರೀಕ್ಷೆಯಲ್ಲಿ 'ಕೊಡುತ್ತೇನೆ', 'ಕೊಟ್ಟನು' ಎಂಬೆರಡನ್ನೂ ಕೇಳಿದರೆಂದೂ ಈ ಸಲ ಅವಳು ಎಡವಲಿಲ್ಲವೆಂದೂ ಮನೆಯವರು ಹೇಳುತ್ತಾರೆ. ಕೆಲಸವು ಉಳಿಯಿತು.

ವೇದಪಾಠದ ಸಂಪ್ರದಾಯವನ್ನು ಯುನೆಸ್ಕೋ ಸಂಸ್ಥೆಯು 2003ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಶ್ರೇಷ್ಠಕೃತಿಗಳಲ್ಲಿ ಒಂದೆಂದು ಸಾರಿತು. ಆ ಗೌರವವು ಯೋಗ್ಯವಾದುದೇ. ಆದರೆ ಸ್ವರವನ್ನು ಕೇಳಿ ಗುರುತಿಸಬಲ್ಲ ಕಿವಿಗಳು ಹಳ್ಳಿಗಳಲ್ಲಿ ವಿರಳವಾಗುತ್ತಿವೆ. ಇರುವ ಕೆಲವರನ್ನೂ ಶ್ರಾದ್ಧ ಉಪನಯನಗಳ ಹೊರತು ಯಾರೂ ಕೇಳಿಕೊಂಡು ಹೋಗುವುದಿಲ್ಲ. ಗೆರೆಗಳನ್ನು ಪುಸ್ತಕದಲ್ಲಿ ಅಚ್ಚುಹಾಕಬಹುದು. ಆ ಗೆರೆ ಯಾವ ದನಿಯನ್ನು ಹೇಳುತ್ತದೆಂಬುದನ್ನು ಮಾತ್ರ ಒಬ್ಬರ ಬಾಯಿಂದ ಮತ್ತೊಬ್ಬರ ಕಿವಿಗೆ ದಾಟಿಸಬೇಕು. ಮನೆಯಲ್ಲಿ ಅಂತಹ ಹಿರಿಯರಿರುವ ಮಕ್ಕಳು, ಕಲಿಯುವುದು ಯಾವ ದೇಶದ ಭಾಷೆಯಾದರೂ, ದಿನಕ್ಕೆ ಅರ್ಧ ಗಂಟೆ ಅವರ ಬಳಿ ಕುಳಿತರೆ ನಷ್ಟವಾಗದು.