ಹೊದಿಗೆರೆಯ ಸಮಾಧಿ

ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಲ್ಲಿರುವ ಬಂಧುಗಳ ಮನೆಗೆ ಹೋಗಿದ್ದಾಗ, ಅದೇ ತಾಲ್ಲೂಕಿನ ಹೊದಿಗೆರೆಯನ್ನು ನೋಡಿ ಬರಬೇಕೆಂದು ಒಂದು ಮುಂಜಾನೆ ಹೊರಟೆವು. ವೃದ್ಧರಾದ ಸೋದರತ್ತೆಯವರೂ ಜೊತೆಗೆ ಬಂದರು. ಹೊದಿಗೆರೆಯು ಚಿಕ್ಕ ಊರು. ಆದರೆ ಛತ್ರಪತಿ ಶಿವಾಜಿಯ ತಂದೆಯಾದ ಶಹಾಜಿ ಭೋಸಲೆಯ ಸಮಾಧಿಯಿರುವುದು ಇಲ್ಲಿಯೇ.

ಶಹಾಜಿಯು ಬಿಜಾಪುರದ ಸುಲ್ತಾನರ ಸೇನಾನಿ. ಬೆಂಗಳೂರನ್ನು ಜಹಗೀರಾಗಿ ಪಡೆದು ಕನ್ನಡನಾಡಿನಲ್ಲಿ ಬಹುಕಾಲ ಬಾಳಿದವನು. ಎಷ್ಟೋ ಕಾಳಗಗಳಲ್ಲಿ ಉಳಿದುಬಂದ ಆ ವೀರನು 1664ನೆಯ ಇಸವಿಯ ಜನವರಿಯಲ್ಲಿ ಇಲ್ಲಿ ಬೇಟೆಯಾಡುತ್ತಿರುವಾಗ ಕುದುರೆಯಿಂದ ಬಿದ್ದು ಮೃತನಾದನು. ಅದೇ ತಿಂಗಳು ಶಿವಾಜಿಯು ಸೂರತ್ತಿನ ಮೇಲೆ ದಂಡೆತ್ತಿ ಹೋಗಿದ್ದನು; ಜೀಜಾಬಾಯಿಯು ದೂರದ ಮಹಾರಾಷ್ಟ್ರದಲ್ಲಿದ್ದಳು. ಸುದ್ದಿ ಮುಟ್ಟಿದಾಗ ಆಕೆಯು ಸಹಗಮನಕ್ಕೆ ಸಿದ್ಧಳಾದಳೆಂದೂ, ಮಗನು ಅಂಗಲಾಚಿ ತಡೆದನೆಂದೂ ಮರಾಠಿ ಬಖರುಗಳು ಹೇಳುತ್ತವೆ.

ಆ ಕಲ್ಲಿನ ಸಮಾಧಿಯ ಮುಂದೆ ನಿಂತಾಗ ನನಗೆ ಗ್ರೀಕರ ಮಹಾಕವಿ ಹೋಮರನ ‘ಇಲಿಯಡ್’ ನೆನಪಾಯಿತು. ಅಲ್ಲಿ ಟ್ರಾಯ್ ನಗರದ ವೃದ್ಧರಾಜ ಪ್ರಿಯಾಮನು ರಾತ್ರಿಯಲ್ಲಿ ಶತ್ರುವಿನ ಬಿಡಾರಕ್ಕೆ ಹೋಗಿ, ಮಗನನ್ನು ಕೊಂದವನ ಕೈಗೇ ಮುತ್ತಿಟ್ಟು, ಹೆಕ್ಟರನ ಶವವನ್ನು ಬೇಡಿ ತರುತ್ತಾನೆ. ಹೆಂಗಸರು ಶವವನ್ನು ಸುತ್ತುವರಿದು ಹಾಡಿ ಅಳುತ್ತಾರೆ. ಪತಿಯು ಹಾಸಿಗೆಯಲ್ಲಿ ಮಲಗಿ ಸಾಯಲಿಲ್ಲ, ತನ್ನತ್ತ ಕೈಚಾಚಲಿಲ್ಲ, ನೆನೆದು ಅಳಲು ಒಂದು ಕಡೆಯ ಮಾತನ್ನೂ ಬಿಟ್ಟುಹೋಗಲಿಲ್ಲವೆಂಬುದೇ ಹೆಂಡತಿ ಆಂಡ್ರೊಮಕಿಯ ದುಃಖ. ಒಂಬತ್ತು ದಿನ ಸೌದೆ ತಂದು, ಹತ್ತನೆಯ ದಿನ ದಹನಮಾಡಿ, ಮರುದಿನ ಕೆಂಡವನ್ನು ದ್ರಾಕ್ಷಾಮದ್ಯದಿಂದ ಆರಿಸಿ, ಅಸ್ಥಿಯನ್ನು ಚಿನ್ನದ ಪೆಟ್ಟಿಗೆಯಲ್ಲಿರಿಸಿ ಮೇಲೆ ಕಲ್ಲುಗುಡ್ಡೆ ಹಾಕುತ್ತಾರೆ. ಅಷ್ಟು ದೊಡ್ಡ ಯುದ್ಧಕಾವ್ಯವು ಜಯಘೋಷದಿಂದಲ್ಲ, ಈ ಉತ್ತರಕ್ರಿಯೆಯಿಂದ ಮುಗಿಯುತ್ತದೆ.

ನಮ್ಮ ನಾಡಿನ ವೀರಗಲ್ಲುಗಳ ಅರ್ಥವೂ ಇದೇ ಅಲ್ಲವೇ? ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಮಡಿದವನು ಎಲ್ಲಿಗೆ ಹೋದನೆಂಬ ಮನೆಯವರ ಪ್ರಶ್ನೆಗೆ ಊರು ಕಲ್ಲಿನಲ್ಲಿ ಕೊಟ್ಟ ಉತ್ತರವದು. ಆಂಡ್ರೊಮಕಿಗೆ ಪತಿಯ ತಲೆಯನ್ನು ಹಿಡಿದು ಅಳುವ ಭಾಗ್ಯವಾದರೂ ಇದ್ದಿತು. ಜೀಜಾಬಾಯಿಗೆ ಅದೂ ಇರಲಿಲ್ಲ.

ಇದನ್ನು ಹೇಳಿದಾಗ ಅತ್ತೆಯವರು ಬಹಳ ಹೊತ್ತು ಸುಮ್ಮನಿದ್ದರು. ಅವರ ಅಣ್ಣನವರು ಸೈನ್ಯಕ್ಕೆ ಸೇರಿ ಪರಸ್ಥಳದಲ್ಲಿ ತೀರಿಕೊಂಡವರು. ಮನೆಗೆ ಬಂದುದು ಒಂದು ತಂತಿ ಮಾತ್ರ.

“ಆ ತಾಯಿ ಇಲ್ಲಿಗೆ ಬರಲಾಗಲಿಲ್ಲ, ಪಾಪ,” ಎಂದು, ಮುಡಿಯಲ್ಲಿದ್ದ ಸೇವಂತಿಗೆಯನ್ನು ತೆಗೆದು ಕಲ್ಲಿನ ಮೇಲಿಟ್ಟರು. ಹಿಂದಿರುಗುವಾಗ ದಾರಿಯುದ್ದಕ್ಕೂ ಅಣ್ಣನವರ ಬಾಲ್ಯದ ಸಂಗತಿಗಳನ್ನು ಹೇಳುತ್ತ ಬಂದರು. ಅವರ ಹೆಸರನ್ನು ಅತ್ತೆಯವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.