ಶಸ್ತ್ರವೈದ್ಯರ ಮೌಖಿಕ ಪರೀಕ್ಷೆ

'ಪರೀಕ್ಷೆ' ಎಂಬ ಶಬ್ದವು 'ಪರಿ' ಎಂಬ ಉಪಸರ್ಗವೂ ನೋಡು ಎಂಬ ಅರ್ಥದ 'ಈಕ್ಷ್' ಧಾತುವೂ ಕೂಡಿ ಆದುದು. ಸುತ್ತಲೂ ನೋಡುವುದು, ಎಲ್ಲ ಮಗ್ಗುಲಿನಿಂದಲೂ ನೋಡುವುದು ಎಂಬುದೇ ಅದರ ಮೂಲಾರ್ಥ. ಉತ್ತರಪತ್ರಿಕೆಯಲ್ಲಿ ನಮಗೆ ಕಾಣುವುದು ವಿದ್ಯಾರ್ಥಿಯ ಒಂದು ಮಗ್ಗುಲು ಮಾತ್ರ. ಉಳಿದ ಮಗ್ಗುಲುಗಳನ್ನು ನೋಡಬೇಕೆಂದು ಪಟ್ಟುಹಿಡಿದಿರುವ ಪರೀಕ್ಷೆಯೊಂದರ ಸಂಗತಿಯನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ನಮ್ಮ ವಿದ್ಯಾಲಯದಲ್ಲಿ ನನ್ನಿಂದ ಹಳಗನ್ನಡ ಪಾಠ ಹೇಳಿಸಿಕೊಂಡ ವಿದ್ಯಾರ್ಥಿಯೊಬ್ಬನು ದಂತವೈದ್ಯ ಪದವಿಯ ಬಳಿಕ ಅಮೆರಿಕಕ್ಕೆ ತೆರಳಿ, ಅಲ್ಲಿ ಪುನಃ ಓದಿ, ಈಗ ಬಾಯಿ, ದವಡೆ, ಮುಖಗಳ ಶಸ್ತ್ರವೈದ್ಯನಾಗಿದ್ದಾನೆ. ಕಳೆದ ಬೇಸಿಗೆಯಲ್ಲಿ ಊರಿಗೆ ಬಂದವನು ಎರಡು ಸಂಜೆ ನನ್ನೊಡನೆ ಕುಳಿತು ತಾನು ದಾಟಿ ಬಂದ ಪರೀಕ್ಷೆಗಳನ್ನು ವಿವರಿಸಿದನು.

ಹಲ್ಲು ಕೀಳುವುದಷ್ಟೇ ಈ ವೈದ್ಯರ ಕೆಲಸವೆಂದು ತಿಳಿಯಲಾಗದು. ಅಪಘಾತದಲ್ಲಿ ಮುರಿದ ಮುಖದ ಎಲುಬುಗಳನ್ನು ಕೂಡಿಸುವುದು, ದವಡೆಯ ಗಡ್ಡೆಗಳನ್ನು ತೆಗೆಯುವುದು, ಹುಟ್ಟಿನಿಂದಲೇ ಸೀಳಿದ ತುಟಿ ಮತ್ತು ಅಂಗುಳನ್ನು ಸರಿಪಡಿಸುವುದು ಇವೆಲ್ಲವೂ ಅವರ ವ್ಯಾಪ್ತಿಗೆ ಸೇರಿವೆ. ಅಮೆರಿಕದಲ್ಲಿ ದಂತವೈದ್ಯ ಪದವಿಯ ಮೇಲೆ ಕನಿಷ್ಠ 4 ವರ್ಷ ಆಸ್ಪತ್ರೆಯಲ್ಲಿದ್ದು ಇದನ್ನು ಕಲಿಯಬೇಕು. ಆ ಅವಧಿಯಲ್ಲಿ ಅರಿವಳಿಕೆ, ವೈದ್ಯಕೀಯ, ಸಾಮಾನ್ಯ ಶಸ್ತ್ರಚಿಕಿತ್ಸೆಯ ವಿಭಾಗಗಳಲ್ಲಿಯೂ ದುಡಿಯಬೇಕು. ಕೆಲವೆಡೆ ವೈದ್ಯ ಪದವಿಯನ್ನೂ ಸೇರಿಸಿ 6 ವರ್ಷಗಳ ವ್ಯಾಸಂಗವುಂಟು.

ಇಷ್ಟಾದ ಮೇಲೆ ವೃತ್ತಿ ನಡೆಸಲು ಆಯಾ ರಾಜ್ಯದ ಪರವಾನಗಿಯಿದ್ದರೆ ಸಾಕು. ಆದರೆ ಪರವಾನಗಿಯು 'ಈತನು ಚಿಕಿತ್ಸೆ ಮಾಡಬಹುದು' ಎಂದಷ್ಟೇ ಹೇಳುತ್ತದೆ. 'ಈ ವಿಶೇಷ ವಿದ್ಯೆಯಲ್ಲಿ ಈತನನ್ನು ನಾವು ಪರೀಕ್ಷಿಸಿ ನೋಡಿದ್ದೇವೆ' ಎಂದು ಹೇಳಬೇಕಾದವರು ಆ ವಿದ್ಯೆಯನ್ನು ಬಲ್ಲವರೇ. ಅದಕ್ಕಾಗಿ 1946ರಲ್ಲಿ ಅಲ್ಲಿ ಒಂದು ಮಂಡಲಿ ಸ್ಥಾಪಿತವಾಯಿತು. ಅಮೆರಿಕನ್ ಬೋರ್ಡ್ ಆಫ್ ಓರಲ್ ಅಂಡ್ ಮ್ಯಾಕ್ಸಿಲೋಫೇಶಿಯಲ್ ಸರ್ಜರಿ ಎಂಬುದು ಅದರ ಇಂದಿನ ಹೆಸರು. ಮೊದಲು ಲಿಖಿತ ಪರೀಕ್ಷೆ. ಕಂಪ್ಯೂಟರಿನ ಮುಂದೆ ಕುಳಿತು, ಕೊಟ್ಟ ಉತ್ತರಗಳಲ್ಲಿ ಸರಿಯಾದುದನ್ನು ಆರಿಸಬೇಕು. ಅದರಲ್ಲಿ ಉತ್ತೀರ್ಣರಾದವರಿಗೆ ಮಾತ್ರ ಮೌಖಿಕ ಪರೀಕ್ಷೆಗೆ ಪ್ರವೇಶ.

ಮೌಖಿಕ ಪರೀಕ್ಷೆಗೆ ಸಿದ್ಧನಾಗುತ್ತಿದ್ದಾಗ ಆತನ ಗುರುಗಳು ಅಭ್ಯಾಸಕ್ಕಾಗಿ ಒಂದು ಪ್ರಶ್ನೆಯಿತ್ತರಂತೆ. ವಾಹನಾಪಘಾತದಲ್ಲಿ ಒಬ್ಬನ ಮೇಲ್ದವಡೆ ಮುರಿದಿದೆ, ಬಾಯಿ ತುಂಬ ರಕ್ತ, ಏನು ಮಾಡುವೆ? ಫ್ರಾನ್ಸಿನ ರೆನೆ ಲೆ ಫೋರ್ ಎಂಬ ಶಸ್ತ್ರವೈದ್ಯರು 1901ರಲ್ಲಿ ಇಂಥ ಮುರಿತಗಳನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ನಮ್ಮ ಹುಡುಗನ ಸ್ಮರಣಶಕ್ತಿ ಚಿಕ್ಕಂದಿನಿಂದಲೂ ಪ್ರಸಿದ್ಧ. ಮೂರು ಬಗೆಗಳನ್ನೂ, ಒಂದೊಂದು ಬಗೆಯಲ್ಲಿ ಬಿರುಕು ಹಾದುಹೋಗುವ ಎಲುಬುಗಳನ್ನೂ ತಡವರಿಸದೆ ಹೇಳಿದನು. ಗುರುಗಳು ಗಡಿಯಾರ ನೋಡಿ ಹೀಗೆಂದರು: "ನೀನು ಹೇಳಿದುದೆಲ್ಲ ಸರಿ. ಆದರೆ ನೀನು ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಆ ರೋಗಿ ಉಸಿರುಕಟ್ಟಿ ತೀರಿಕೊಂಡ."

ಈ ಮಾತು ಕೇಳಿದಾಗಿನಿಂದ ನನ್ನ ಮನಸ್ಸಿನಲ್ಲಿ ಕುಳಿತಿದೆ. ಮೊದಲು ಉಸಿರಿನ ದಾರಿ, ಬಳಿಕ ರಕ್ತಸ್ರಾವ, ಆಮೇಲೆ ಎಲುಬಿನ ವಿಚಾರ. ಇಲ್ಲಿ ಜ್ಞಾನಕ್ಕಿಂತ ಜ್ಞಾನದ ಕ್ರಮವೇ ಪ್ರಾಣ. ಅದನ್ನು ಹೇಳಿದ ಮೇಲೂ ಪ್ರಶ್ನೆ ನಿಲ್ಲುವುದಿಲ್ಲ. 'ಗಂಟಲಿಗೆ ನಳಿಕೆ ಇಳಿಸುತ್ತೇನೆ' ಎಂದರೆ 'ಇಳಿಯುತ್ತಿಲ್ಲ, ಈಗೇನು?' ಎನ್ನುತ್ತಾರೆ. 'ಕುತ್ತಿಗೆಯ ಮುಂಭಾಗವನ್ನು ಛೇದಿಸಿ ದಾರಿ ಮಾಡುತ್ತೇನೆ' ಎಂದರೆ ಎಲ್ಲಿ, ಹೇಗೆ ಎಂಬ ಪ್ರಶ್ನೆ ಮುಂದೆ ಬರುತ್ತದೆ. ಕಲಿತ ಉಪಾಯವು ಕೈಕೊಟ್ಟಾಗ ಏನು ಮಾಡುವನೆಂಬುದನ್ನೇ ಅವರು ನೋಡುವುದು.

ನಮ್ಮ ವಿದ್ವತ್ ಪರೀಕ್ಷೆಯಲ್ಲಿಯೂ ಮೌಖಿಕವಿತ್ತು. ಕೇಶಿರಾಜನ ಸೂತ್ರವೊಂದನ್ನು ಅರ್ಧ ಹೇಳಿ ನಿಲ್ಲಿಸಿದರೆ ಉಳಿದರ್ಧವನ್ನು ಪೂರೈಸಿ, ವೃತ್ತಿ ಪ್ರಯೋಗಗಳನ್ನು ಒಪ್ಪಿಸಬೇಕಾಗಿತ್ತು. ಕಂಡರಿಯದ ರೂಪವೊಂದನ್ನು ಮುಂದಿಟ್ಟು ಇದು ಸಿದ್ಧಿಸಿದ ಬಗೆಯನ್ನು ಕೇಳಿದಾಗ ನಿಜವಾದ ಬೆವರು ಬರುತ್ತಿತ್ತು. ವ್ಯಾಕರಣದಲ್ಲಿಯೂ ಕಾರ್ಯಗಳಿಗೆ ಕ್ರಮವುಂಟು. ಆದರೆ ಆಗಮವನ್ನು ಲೋಪವೆಂದವನು ಕರಿಹಲಗೆಯನ್ನು ಒರೆಸಿ ಮತ್ತೆ ಬರೆಯಬಲ್ಲನು. ಶಸ್ತ್ರವೈದ್ಯನ ಮುಂದಿರುವ ಹಲಗೆಯು ಮನುಷ್ಯನ ಮುಖ.

ನಾನು ಮೆಚ್ಚಿದ ಇನ್ನೊಂದು ಅಂಶ ಪರೀಕ್ಷಕರ ನಡೆ. ಅವರೂ ಅದೇ ಪರೀಕ್ಷೆಯನ್ನು ದಾಟಿ ಬಂದ ವೈದ್ಯರು. ಒಬ್ಬರ ಅಭಿರುಚಿಯೇ ತೀರ್ಪಾಗದಿರಲೆಂದು ಇಬ್ಬಿಬ್ಬರು ಕುಳಿತು, ಮೊದಲೇ ಸಿದ್ಧಪಡಿಸಿದ ರೋಗಸಂದರ್ಭಗಳ ಮೇಲೆ ಕೇಳುತ್ತಾರೆ. ಉತ್ತರವು ಸರಿಯೆಂಬುದನ್ನಾಗಲಿ ತಪ್ಪೆಂಬುದನ್ನಾಗಲಿ ಮುಖದಲ್ಲಿ ತೋರಗೊಡುವುದಿಲ್ಲವಂತೆ. "ಗುರುಗಳೇ, ನೀವು ತಲೆದೂಗಿದರೆ ನಮಗೆ ಧೈರ್ಯ ಬರುತ್ತಿತ್ತು, ಅಲ್ಲಿ ಆ ಆಸರೆಯಿಲ್ಲ" ಎಂದು ಆತನು ನಕ್ಕನು.

"ಕೈಯ ಕುಶಲತೆಯನ್ನು ನೋಡುವುದಿಲ್ಲವೆ?" ಎಂದು ಕೇಳಿದೆ. ಪರೀಕ್ಷೆಯ ಕೊಠಡಿಯಲ್ಲಿ ಯಾರೂ ಶಸ್ತ್ರ ಹಿಡಿಯುವುದಿಲ್ಲ. ಕೈಯನ್ನು ನೋಡಿದವರು ವರ್ಷಗಟ್ಟಲೆ ಪಕ್ಕದಲ್ಲಿ ನಿಂತು ಕಲಿಸಿದ ಗುರುಗಳು. ವ್ಯಾಸಂಗವು ಯಥೋಚಿತವಾಗಿ ಪೂರ್ಣವಾಯಿತೆಂದು ಅವರು ಬರೆದುಕೊಡದೆ ಮಂಡಲಿಯು ಒಳಗೆ ಬಿಡುವುದಿಲ್ಲ. ಸುಶ್ರುತನೂ ಇದೇ ಹಾದಿಯಲ್ಲಿ ಚಿಂತಿಸಿದ್ದಾನೆ. ಶಿಷ್ಯನು ಕುಂಬಳ, ಸೋರೆ ಮೊದಲಾದ ಕಾಯಿಗಳ ಮೇಲೆ ಛೇದನವನ್ನು ಅಭ್ಯಾಸ ಮಾಡಬೇಕೆಂದೂ, ಶಾಸ್ತ್ರವನ್ನರಿತು ಕರ್ಮವನ್ನು ಕಂಡು ಮಾಡಿದವನೇ ಅರಸನ ಅನುಮತಿ ಪಡೆದು ವೃತ್ತಿಗಿಳಿಯಬೇಕೆಂದೂ ಆತನ ಸಂಹಿತೆಯಲ್ಲಿದೆ. ಅರಸನ ಅನುಮತಿಯೂ ಗುರುವಿನ ಒಪ್ಪಿಗೆಯೂ ಬೇರೆ ಬೇರೆಯೆಂಬ ವಿವೇಕವು ಹಳೆಯದೇ.

ಹೊಸದಾಗಿರುವುದು ಇನ್ನೊಂದು. 1990ರ ಈಚೆಗೆ ಆ ಮಂಡಲಿಯು ನೀಡಿದ ಪ್ರಮಾಣಪತ್ರಗಳು ಆಜೀವವಲ್ಲ. ಜ್ಞಾನವು ಮಾಸಿಲ್ಲವೆಂದು ಕಾಲಕಾಲಕ್ಕೆ ತೋರಿಸಿಕೊಡಬೇಕು. ವಿದ್ವತ್ ಪದವಿಯ ಶಾಲನ್ನು ಒಮ್ಮೆ ಹೊದ್ದರೆ ಮತ್ತೆ ಯಾರೂ ಕೇಳದ ನಮ್ಮಂಥವರಿಗೆ ಇದು ಕಠಿಣವೆಂದು ತೋರಬಹುದು. ಆದರೆ ಅರಿವಳಿಕೆಯಲ್ಲಿ ಕಣ್ಣುಮುಚ್ಚಿ ಮಲಗಿದವನಿಗೆ ಎದುರು ನಿಂತ ವೈದ್ಯನನ್ನು ಆ ಕ್ಷಣದಲ್ಲಿ ಪರೀಕ್ಷಿಸಲು ಸಾಧ್ಯವಿಲ್ಲ. ಅವನ ಪರವಾಗಿ ಯಾರಾದರೂ ಮೊದಲೇ ಸುತ್ತಲೂ ನೋಡಿರಬೇಕು.

ಅಧ್ಯಾಪಕ ಬಂಧುಗಳಲ್ಲಿ ನನ್ನದೊಂದು ವಿಜ್ಞಾಪನೆ. ವಿದ್ಯಾರ್ಥಿಯು ನಿರರ್ಗಳವಾಗಿ ಒಪ್ಪಿಸಿದಾಗ ಸಂತೋಷಪಡೋಣ. ಒಡನೆಯೇ 'ಇದರಲ್ಲಿ ಮೊದಲು ಯಾವುದು? ಅದು ಆಗದಿದ್ದರೆ?' ಎಂಬ ಎರಡು ಪ್ರಶ್ನೆಗಳನ್ನು ಕೇಳೋಣ. ಈ ವರ್ಷದಿಂದ ನನ್ನ ಹತ್ತನೆಯ ತರಗತಿಯ ವ್ಯಾಕರಣ ಪಾಠದಲ್ಲಿ ಅವನ್ನು ಕೇಳುತ್ತಿದ್ದೇನೆ. ಹುಡುಗರು ತಲೆ ಕೆರೆದುಕೊಳ್ಳುತ್ತಾರೆ, ಬಳಿಕ ಯೋಚಿಸತೊಡಗುತ್ತಾರೆ.